ಈ ವಾರದ ಸಮಸ್ಯೆ: “ಗೌರವವೆ ಕಾರಣವು ಬಿದ್ದುದಕ್ಕೆ”

ಡೊಂಬಿವಲಿ: ಎಲ್ರಿಗೂ ನಮಸ್ಕಾರ. ಎಂದಿನ ಹಾಗೆ ಕೊಟ್ಟ ಸಾಲಿಗೆ ಹೊಂದೋ ಪದ್ಯ ಕಟ್ಟೋದು, ಅವರವರ ಊರೇ ಹೆಸರು. ಪಂಚಮಾತ್ರಾ ಚೌಪದಿ (ಐದೈದು ಮಾತ್ರೆ ಗಣದ ನಾಲ್ಕು ಸಾಲು), ಪ್ರಾಸ ರಕಾರ (ಪ್ರತಿ ಸಾಲಿನ ಎರಡನೇ ಅಕ್ಷರ ‘ರ’ಕಾರ), ಕೊನೇ ಸಾಲು ಮೇಲಿಂದು. ಗೌರವ ಇದ್ದೋನು ಏರ್ಬೇಕು, ಬೀಳೋದು ಹ್ಯಾಗೆ? ಗುರುವಿನ ಭಾವ ಗೌರವ, ಗುರು ಅಂದ್ರೆ ಮೇಷ್ಟ್ರೂ ಹೌದು ಭಾರವೂ ಹೌದು ಗ್ರಹವೂ ಹೌದು ಛಂದಸ್ಸಿನ ಎರಡು ಮಾತ್ರೆ ಅಕ್ಷರವೂ ಹೌದು, ಎಲ್ಲಿಂದ ಬೇಕಾದ್ರೂ ಹಿಡೀರಿ.

ಮಡಗಾಂವ್: ನಿನ್ನೆ ರಾತ್ರಿ ಮಳೇಲಿ ಹಿತ್ತಲಲ್ಲಿ ಹಲಸಿನಹಣ್ಣು ಬಿದ್ದ ಸದ್ದಿಗೆ ನಾಯಿ ಎದ್ದು ಬೊಗಳ್ತು, ನಂಗೆ ಸಾಲು ಸಿಕ್ತು.

ಬೇರಿನಿಂ ರಸವುಂಡು ಬಲಿತು ತೊನೆದಾ ಹಲಸು
ಜಾರಿತೈ ತೊಟ್ಟಿಂದ ಧಡ್ಡೆನುತಲಿ
ಯಾರು ನೂಕಿದರೆನ್ನೆ? ತನ್ನ ತೂಕವೆ, ಹಿರಿಯ
ಗೌರವವೆ ಕಾರಣವು ಬಿದ್ದುದಕ್ಕೆ

ಪುಣೆ: ಅಕ್ಕ, ‘ಧಡ್ಡೆನುತಲಿ’ ಬಹಳ ಚೆನ್ನಾಗಿದೆ. ಆದ್ರೆ ನಾನು ಫಿಸಿಕ್ಸ್ ಪಾಠ ಮಾಡೋನು, ಇಲ್ಲಿ ಖಗೋಳ ಸಂಶೋಧನಾ ಕೇಂದ್ರ ಆಯುಕಾ ಅಂಗಳದಲ್ಲಿರೋ ನ್ಯೂಟನ್ ಪ್ರತಿಮೆ ನೆನಪಾಯ್ತು. ಅವನು 1687ರಲ್ಲಿ ಹೇಳಿದ ಪ್ರಕಾರ ಭೂಮಿ ಹಣ್ಣನ್ನ ಎಳೆದಷ್ಟೇ ಹಣ್ಣೂ ಭೂಮೀನ ಎಳಿಯತ್ತೆ, ಬರೀ ‘ತನ್ನ ತೂಕವೆ’ ಅಂದ್ರೆ ಅರ್ಧ ಮಾತಾಯ್ತಲ್ವಾ?

ಡೊಂಬಿವಲಿ: ಸರ್, ಅಕ್ಕನ ಹಲಸು ವೈಶೇಷಿಕರ (ನಮ್ಮ ಹಳೇ ದರ್ಶನದೋರ) ತೋಟದ್ದು. ಅವರಿಗೆ ಗುರುತ್ವ, ಅಂದ್ರೆ ಭಾರ, ಬೀಳೋ ವಸ್ತುವಿನದೇ ಗುಣ, ಮಣ್ಣು ನೀರು ಎರಡರಲ್ಲೇ ಇರೋದು. ಆ ಶಾಸ್ತ್ರದ ಪಠ್ಯ ತರ್ಕಸಂಗ್ರಹದಲ್ಲಿ ‘ಆದ್ಯಪತನ’ ಅಂತಾರೆ, ತೊಟ್ಟು ಬಿಟ್ಟ ಮೊದಲ ಕ್ಷಣದ ಬೀಳುವಿಕೆಗೆ ಮಾತ್ರ ಗುರುತ್ವ ಕಾರಣ, ಆಮೇಲಿಂದೆಲ್ಲ ವೇಗದ್ದು. ‘ಜಾರಿತೈ ತೊಟ್ಟಿಂದ’ ಅಂತ ಅಕ್ಕ ಸರಿಯಾಗಿ ಆ ಕ್ಷಣಾನೇ ಹಿಡಿದಿದ್ದಾರೆ, ಓದಿ ಮೈ ಜುಮ್ಮಂತು.

ನಂದು ದಾದರ್ ಸ್ಟೇಷನ್ನಲ್ಲಿ ಕಂಡದ್ದು:

ಸೇರಿರ್ದ ಜನರ ನಡು ಹಳೆಯ ಮೇಷ್ಟ್ರನು ಕಂಡು
ತೂರಿಕೊಂಡೋಡಿದನು ಚೀಲವೆಸೆದು
ದಾರಿಯೊಳೆ ಪಾದಕ್ಕೆ ಬಿದ್ದನೈ ತಡೆಯದೆಯೆ
ಗೌರವವೆ ಕಾರಣವು ಬಿದ್ದುದಕ್ಕೆ

ಪುಣೆ: ಒಪ್ಪಿದೆ ಸರ್. ಕಾಲಿಗೆ ಬೀಳೋದು ನಂಗೆ ಹೊಳೆದೇ ಇರ್ಲಿಲ್ಲ. ತರ್ಕದ ಮಾತು ಬಂತಲ್ಲ, ಅಲ್ಲಿ ಗೌರವ ಅಂದ್ರೆ ದೋಷ, ಕಮ್ಮೀಲಿ ಮುಗಿಯೋದಕ್ಕೆ ಜಾಸ್ತಿ ಕಲ್ಪನೆ ಹೇರೋದು, ಅದಕ್ಕೆ ಎದುರು ಲಾಘವ:

ಮೂರು ಮಾತಲಿ ಮುಗಿವ ವಾದಕ್ಕೆ ಮುನ್ನೂರು
ಸೇರಿಸಲ್ ತಾರ್ಕಿಕನು ಸೋತನಂತೆ
ಭಾರವಾಯ್ತಾ ಪಕ್ಷ, ಲಾಘವವು ಗೆದ್ದಿರಲು
ಗೌರವವೆ ಕಾರಣವು ಬಿದ್ದುದಕ್ಕೆ

ಮಡಗಾಂವ್: ಭೇಷ್! ಗ್ರಹ ಮಾತ್ರ ಹಾಗೇ ಉಳೀತು. ಶೂಮೇಕರ್-ಲೆವಿ 9 ಧೂಮಕೇತು 1992ರಲ್ಲಿ ಗುರುವಿನ ಹತ್ರ ಹೋಗಿ ಅದರ ಎಳೆತಕ್ಕೇ ಒಡೆದು, 1994ರ ಜುಲೈನಲ್ಲಿ ತುಂಡುತುಂಡಾಗಿ ಅದರ ಮೇಲೇ ಬಿತ್ತಲ್ಲ, ಅಲ್ಲಿ ಗೌರವ ಸಾಕ್ಷಾತ್ ಗುರುವಿನದೇ. ಎರಡು ಸಾಲು ಆಗಿದೆ, ಮೂರನೇದು ಯಾರಾದ್ರೂ ಹಾಕಿ:

ದೂರದಾ ಧೂಮಕೇತುವು ಗುರುವ ಬಳಿ ಸಾರಿ
ಚೂರುಚೂರಾಗಿಯೇ ಬಿತ್ತು ಕಡೆಗೆ