ಅಪ್ಪನ ವರ್ಷದ ಪುಣ್ಯಸ್ಮರಣೆಗೆ ಸಣ್ಣ ಪುಸ್ತಕ: ಚರ್ಚಿನ ಮಾತು ಬರೀಬೇಕೋ ಬ್ಯಾಡೋ?

ಅಣ್ಣಿಗೇರಿ ಹುಡುಗ

ಎಲ್ಲಾರಿಗೂ ಶರಣು.

ಬರೋ ತಿಂಗಳ ನಮ್ಮಪ್ಪನ ವರ್ಷದ ಪುಣ್ಯಸ್ಮರಣೆ ಐತಿ. ಊರ ಮಠದಾಗ ನುಡಿನಮನ, ಪ್ರಸಾದ ಇಟ್ಕೊಂಡೇವಿ. ಬಂದವರ ಕೈಯಾಗ ಒಂದು ಸಣ್ಣ ಪುಸ್ತಕ ಕೊಡಬೇಕಂತ ನನ್ನ ಆಸೆ. ಕಾಕಾನ ಮಕ್ಕಳು ಫ್ಲೆಕ್ಸ್ ಮಾಡಸೋಣು, ಬಂದೂಕು ಹಿಡಿದ ಚಿತ್ರ ಹಾಕಿ 'ವೀರಯೋಧ' ಅಂತ ಬರಸೋಣು ಅನ್ನಾಕತ್ತಾರ. ಅವರ ಅಭಿಮಾನ ದೊಡ್ಡದು, ಇಲ್ಲ ಅನ್ನಂಗಿಲ್ಲ. ಆದ್ರ ಅಪ್ಪ ಸ್ಟಿಯರಿಂಗ್ ಹಿಡಿದಾಂವ. ಅದನ್ನ ಇದ್ದದ್ದು ಇದ್ದಂಗ ಬರೀಬೇಕು ನನಗ.

1966ರಾಗ ಬೆಳಗಾವಿಗೆ ಹೋಗಿ ಭರ್ತಿ ಆದ. ಆರ್ಮಿ ಸರ್ವಿಸ್ ಕೋರ್, ಅಂದ್ರ ರೇಷನ್ನು, ಪೆಟ್ರೋಲು, ಮದ್ದುಗುಂಡು ಮುಟ್ಟಸೋ ದಳ. ಬೆಂಗಳೂರಾಗ ಟ್ರೇನಿಂಗ್, ಆಮ್ಯಾಲೆ ಪೆನ್ಶನ್ ಬರೂತನಕ ಶಕ್ತಿಮಾನ್ ಲಾರಿ. 1971ರ ಡಿಸೆಂಬರ್ ಯುದ್ಧದಾಗ ಪಠಾಣಕೋಟ ಕಡೆ ಇದ್ದ. ಅದರ ಬಗ್ಗೆ ಬಾಯಿ ಬಿಟ್ಟಿದ್ದು ಭಾಳ ಕಡಿಮಿ. ನಾನು ಕೆದಕಿ ಕೆದಕಿ ಕೇಳಿದಾಗ ಒಮ್ಮೆ ಹೇಳಿದ್ದ. ರಾತ್ರಿ ಕಾನ್ವಾಯ್, ಅಂದ್ರ ಮಿಲಿಟರಿ ಲಾರಿಗಳ ಸಾಲು, ಹೊಂಟಾಗ ಹೆಡ್‌ಲೈಟ್ ಹಚ್ಚಂಗಿಲ್ಲ. ಲಾರಿ ಹಿಂದಿನ ಆಕ್ಸಲ್ ನಡುವ ಡಿಫರೆನ್ಶಿಯಲ್ ಅಂತ ಗೇರಿನ ದುಂಡನ ಡಬ್ಬಿ ಇರತೈತಲ್ಲ, ಅದಕ್ಕ ಬಿಳೇ ಬಣ್ಣ ಬಡದಿರ್ತಾರ, ಅದರ ಮ್ಯಾಲೆ ಅಷ್ಟ ಬೀಳೂವಂಗ ಒಂದು ಸಣ್ಣ ಬಲ್ಬು. ಮ್ಯಾಲೆ ಹಾರೋ ವಿಮಾನಕ್ಕ ಕಾಣಂಗಿಲ್ಲ, ಹಿಂದ ಬರೋ ಡ್ರೈವರಗ ಕಾಣತೈತಿ. ಆ ಬಿಳೇ ಚುಕ್ಕಿ ಒಂದನ್ನ ನೋಡ್ಕೋತ ಬೆಳತನಾ ಗಾಡಿ ಹೊಡೀಬೇಕು. ತೂಕಡಿಸಿದ್ರ ಮುಂದಿನ ಗಾಡಿಗೆ ಗುದ್ದೋದ. ಹಿಂದ ಮದ್ದು ತುಂಬೇತಿ.

ಲಿಂಗಪೂಜಿ ಬಿಟ್ಟು ಅಪ್ಪ ಒಂದು ತುತ್ತು ಬಾಯಾಗ ಹಾಕಿದ್ದು ನಾ ನೋಡಿಲ್ಲ. ನಸುಕಿನ್ಯಾಗ ಎದ್ದು, ಜಳಕಾ ಮಾಡಿ, ಕರಡಿಗಿ ಬಿಚ್ಚಿ ಎಡಗೈಮ್ಯಾಲೆ ಇಷ್ಟಲಿಂಗ ಇಟ್ಕೊಂಡು ಕುಂತ್ರ ಯಾರು ಕರದ್ರೂ ಓ ಅಂತಿದ್ದಿಲ್ಲ. ಮಿಲಿಟರ್ಯಾಗ ಹೆಂಗ ಮಾಡ್ತಿದ್ದಿ ಅಂತ ಕೇಳಿದ್ರ, "ಲಾರಿ ಒಳಗ ಕುಂತು. ಬಾಟ್ಲಿ ಮುಚ್ಚಳದಾಗ ಎಷ್ಟು ಹಿಡಿತೈತಿ ಅಷ್ಟ ನೀರು, ಅದ ಸ್ನಾನ, ಅದ ಪೂಜಿ" ಅಂದಿದ್ದ. ವಿಭೂತಿ ಗಟ್ಟಿ ಅಜ್ಜಿ ಊರಿಂದ ಪಾರ್ಸಲ್ ಮಾಡಿ ಕಳಸ್ತಿದ್ಲಂತ.

ಶ್ರಾವಣದಾಗ ಮಠದಾಗ ಪುರಾಣ ಹಚ್ಚಿದ್ರ ಅಪ್ಪ ಒಳಗ ಮುಂದಿನ ಸಾಲಿನ್ಯಾಗ ಕುಂಡ್ರತಿದ್ದಿಲ್ಲ. ಬಾಗಲದಾಗ ನಿಂತು ಮಂದಿ ಬಿಟ್ಟ ಚಪ್ಪಲಿ ಜೋಡಸ್ತಿದ್ದ. ಪುರಾಣ ಮುಗದು ಮುದುಕೇರು ಹೊರಗ ಬಂದ್ರ, ಅವರವರ ಚಪ್ಪಲಿ ತಂದು ಕಾಲ ಮುಂದ ಇಡತಿದ್ದ. ನಾನು ಧಾರವಾಡದಾಗ ಓದೂಮುಂದ ಶನಿವಾರಕ್ಕೊಮ್ಮೆ ಪ್ಯಾಸೆಂಜರ್ ಗಾಡಿ ಹತ್ತಿ, ಹುಬ್ಬಳ್ಳ್ಯಾಗ ಬದಲಿ ಮಾಡಿ ರೊಟ್ಟಿ, ಗುರೆಳ್ಳ ಚಟ್ನಿ ಬುತ್ತಿ ತರ್ತಿದ್ದ. ಕೊಟ್ಟು ಒಂದ್ ಕಪ್ ಚಾ ಸೈತ ಕುಡೀದ ಹೊಳ್ಳಿ ಹೋಗಾಂವ. ಮಿಲಿಟರಿ ಬಿಟ್ಟಮ್ಯಾಲೆ ಬ್ಯಾಂಕಿನಾಗ ರಾತ್ರಿ ಗಾರ್ಡ್ ಡ್ಯೂಟಿ ಇರತಿತ್ತು.

ನನ್ನ ತೊಡಕು ಇನ್ನ ಮುಂದ ಐತಿ. ವರ್ಷಾ ಡಿಸೆಂಬರದಾಗ ಒಂದಿನ ಅಪ್ಪ ಪೆನ್ಶನ್ ಕೆಲಸ ಐತಿ ಅಂತ ಹುಬ್ಬಳ್ಳಿಗೆ ಹೋಗತಿದ್ದ. ಅಪ್ಪ ಲಿಂಗೈಕ್ಯ ಆದಮ್ಯಾಲೆ ಅವ್ವ ಹೇಳಿದ್ಲು, ಅಲ್ಲಿ ಕ್ಯಾಥೊಲಿಕ್ ಚರ್ಚಿಗೆ ಹೋಗಿ ಮೇಣಬತ್ತಿ ಹಚ್ಚಿ ಬರ್ತಿದ್ದನಂತ. ಅಪ್ಪನ ಲಾರ್ಯಾಗ ಜೋಡಿ ಇದ್ದ ಕೇರಳದ ಗೆಳೆಯ ಆ ಯುದ್ಧದಾಗ ತೀರಿಕೊಂಡಿದ್ದ. ಮಿಲಿಟರಿ ಬಿಡೂಮುಂದ ಕೊಟ್ಟ ಡಿಸ್ಚಾರ್ಜ್ ಬುಕ್ಕಿನ ಕಡೀ ಹಾಳ್ಯಾಗ ಆತನ ಹೆಸರು, ನಂಬರು ಪೆನ್ಸಿಲ್ಲಿಲೆ ಬರದು ಇಟ್ಟಾನ. ಮಸುಕಾದಾಗೊಮ್ಮೆ ಅದರ ಮ್ಯಾಲೆ ಮತ್ತ ತಿದ್ದ್ಯಾನ, ಹಾಳಿ ಅಲ್ಲೆ ತಗ್ಗು ಬಿದ್ದೈತಿ.

ದೊಡ್ಡಪ್ಪ "ಮಠದಾಗ ಹಂಚೋ ಪುಸ್ತಕದಾಗ ಚರ್ಚಿನ ಮಾತು ಯಾಕ ಬೇಕೋ" ಅಂತಾನ. ನನಗ ಇದನ್ನ ಬಿಟ್ಟು ಅಪ್ಪನ ಬಗ್ಗೆ ಬರಿಯಾಕ ಕೈ ಏಳವಲ್ದು. ಏನ್ ಮಾಡ್ಲಿ? ಹಂಗ, ನಾಕು ಪದಕ ಅದಾವ, ಯಾವುದು ಯಾತಕ್ಕ ಕೊಟ್ಟಿದ್ದು ಅಂತ ಗೊತ್ತಿದ್ದವರು ಹೇಳ್ರಿ.

ಮಾಜಿ ಸುಬೇದಾರ್, ಹಾವೇರಿ

ತಮ್ಮಾ, ನಿಮ್ಮ ತಂದೆಯವರಿಗೆ ನನ್ನದೊಂದು ಸೆಲ್ಯೂಟ್. ಮೊದಲು ಪದಕದ ವಿಷಯ. 1971ರಲ್ಲಿ ಪಶ್ಚಿಮ ಗಡಿಯಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್. ಅದರ ಜೊತೆಗೆ ಸಂಗ್ರಾಮ್ ಮೆಡಲ್. 1972ರಲ್ಲಿ ಸ್ವಾತಂತ್ರ್ಯದ 25ನೇ ವರ್ಷದ ಪದಕ ಬಂತು. ನಾಲ್ಕನೆಯದು ಒಂಬತ್ತು ವರ್ಷ ಸೇವೆಯದ್ದು ಇರಬೇಕು. ದುಂಡನೆಯ ಪದಕದ ಅಂಚನ್ನು ಭೂತಗನ್ನಡಿ ಹಿಡಿದು ನೋಡಿ, ನಂಬರು, ಹೆಸರು ಕೊರೆದಿರುತ್ತದೆ. ದಯವಿಟ್ಟು ಹುಣಸೆಹಣ್ಣು, ಬ್ರಾಸೋ ಪಾಲಿಶ್ ಹಾಕಿ ತಿಕ್ಕಬೇಡಿ, ಅಕ್ಷರ ಸವೆದು ಹೋಗುತ್ತವೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಪದಕಗಳ ನಮೂದು ಇರುತ್ತದೆ, ಅದಕ್ಕೆ ತಾಳೆ ಹಾಕಿಕೊಳ್ಳಿ. ಏನಾದರೂ ಹೊಂದದಿದ್ದರೆ ಅಪ್ಪನ ಸರ್ವಿಸ್ ನಂಬರ್ ಹಾಕಿ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಿರಿ. ಧಾರವಾಡದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲೂ ಕೇಳಬಹುದು.

ಇನ್ನು ಚರ್ಚಿನ ಮಾತು. ಸರ್ವಿಸ್ ಕೋರಿನಲ್ಲಿ ಎಲ್ಲ ರಾಜ್ಯ, ಎಲ್ಲ ಧರ್ಮದವರೂ ಒಂದೇ ಬ್ಯಾರಕ್‌ನಲ್ಲಿ ಇರುತ್ತಾರೆ. ಅಂಥ ಯುನಿಟ್‌ಗಳಲ್ಲಿ 'ಸರ್ವಧರ್ಮ ಸ್ಥಳ' ಅಂತ ಇರುತ್ತದೆ. ಒಂದೇ ಸೂರಿನ ಕೆಳಗೆ ಮೂರ್ತಿ, ಗುರುಗ್ರಂಥ, ಕುರಾನ್, ಶಿಲುಬೆ. ಸಿಖ್ಖರ ಗುರುಪರ್ವಕ್ಕೂ ಎಲ್ಲರೂ ಕೂಡಬೇಕು, ಕ್ರಿಸ್‌ಮಸ್ಸಿಗೂ ಕೂಡಬೇಕು. ನಾನು ಜನಿವಾರ ಹಾಕಿದವನು, ಬಡಾ ದಿನದ, ಅಂದರೆ ಕ್ರಿಸ್‌ಮಸ್ಸಿನ ಪ್ರಾರ್ಥನೆಗೆ ತಲೆಬಾಗಿ ನಿಂತಿದ್ದೇನೆ. ಅದರಿಂದ ನನ್ನ ಸಂಧ್ಯಾವಂದನೆ ಏನೂ ಕೆಟ್ಟಿಲ್ಲ. ನಿಮ್ಮ ದೊಡ್ಡಪ್ಪನವರಿಗೆ ಇದನ್ನು ಓದಿ ಹೇಳಿ.

ಮತ್ತೊಂದು ಕೆಲಸ ಮಾಡಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, 2019ರಲ್ಲಿ ಆದದ್ದು, ಸ್ವಾತಂತ್ರ್ಯದ ನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಕಲ್ಲಿನಲ್ಲಿ ಕೆತ್ತಿದ್ದಾರೆ. ಸ್ಮಾರಕದ ಜಾಲತಾಣದಲ್ಲೂ ಹುಡುಕಬಹುದು. ಆ ಪೆನ್ಸಿಲ್ ಹೆಸರು, ನಂಬರು ಹಾಕಿ ನೋಡಿ.

ಉಣಕಲ್ ಕೆರೆ

ನಾನು ಸ್ವಲ್ಪ ಬ್ಯಾರೆ ಹೇಳ್ತೇನ್ರೀ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಂದಿ ಇಷ್ಟು ವರ್ಷ ಮಗನ ಮುಂದ ಸೈತ ಹೇಳಿಲ್ಲ ಅಂದ್ರ ಅದು ಅವರ ಮತ್ತ ಆ ಗೆಳೆಯರ ನಡುವಿನ ಮಾತು. ಐನೂರು ಮಂದಿ ಕೈಯಾಗ ಕೊಟ್ರ ಯಾರೋ ಒಬ್ಬರು ಅದನ್ನ ವಾಟ್ಸಾಪಿಗೆ ಹಾಕಿ ಜಗಳ ಹಚ್ತಾರ. ಪುಣ್ಯಸ್ಮರಣೆ ದಿವಸ ನಿಮ್ಮ ಅವ್ವನ ಕಿವಿಗೆ ಅದು ಬೀಳಬಾರದು. ಚಪ್ಪಲಿ ಜೋಡಿಸಿದ್ದು, ಬುತ್ತಿ ತಂದಿದ್ದು ಬರೀರಿ, ಅಷ್ಟರಾಗ ಅವರು ಪೂರಾ ಕಾಣ್ತಾರ.

ಬೆಟಗೇರಿ ಅಕ್ಕ

ಮ್ಯಾಲಿನವರು ಹೇಳಿದ್ದರಾಗ ಒಂದು ಮಾತು ಖರೆ, ಅವ್ವನ್ನ ಕೇಳದ ಏನೂ ಅಚ್ಚು ಹಾಕಸಬ್ಯಾಡ್ರಿ. ಗುಟ್ಟು ಆಕೀದೂ ಐತಿ. ಆದ್ರ ಆಕಿ ಹ್ಞೂಂ ಅಂದ್ರ ಬರೀಲೇಬೇಕು ಅಂತೀನಿ. ಗುರುತು ಇಲ್ಲದ ಊರಾಗ ಸತ್ತ ಹುಡುಗನ್ನ ನಮ್ಮ ಕಡೆಯವರು ಒಬ್ಬರು ಜೀವ ಇರೂತನಕ ನೆನೆಸಿದ್ರು. ಇದಕ್ಕಿಂತ ದೊಡ್ಡ ಶರಣಧರ್ಮ ಯಾವುದೈತ್ರಿ? ಮಠದಾಗ ಓದಾಕ ತಕ್ಕದ್ದ ಐತದು.

ನಾನು ನಮ್ಮಪ್ಪನ ಪುಸ್ತಕ ಗದಗಿನಾಗ ಮಾಡಿಸಿದ್ದೆ. ನಮ್ಮಪ್ಪ ನೇಕಾರ, ಮಗ್ಗದ ಮನಷ್ಯಾ. ಹಾರ ಹಾಕಿದ ಫೋಟೋ ಬಿಟ್ಟು ಲಾಳಿ ಹಿಡಿದ ಕೈ ಮುಖಪುಟಕ್ಕ ಹಾಕಿಸಿದೆ, ಮಂದಿ ಈಗೂ ಅದನ್ನ ತಗದು ನೋಡ್ತಾರ. ನೀವು ಆ ಪೆನ್ಸಿಲ್ ಹಾಳಿ ಫೋಟೋ ಹಾಕ್ರಿ. ಪುಟ ಹದಿನಾರು ಇಲ್ಲಾ ಮೂವತ್ತೆರಡು ಇರಲಿ, ಹಾಳಿ ಮಡಿಚೋ ಲೆಕ್ಕಕ್ಕ ಕೂಡತೈತಿ, ಖರ್ಚು ಉಳಿತೈತಿ. ಊರಿನ ಹಿರೇರ ಮಾತು ಈಗ ರೆಕಾರ್ಡ್ ಮಾಡ್ಕೋರಿ. ನುಡಿನಮನದ ದಿನ ಎಲ್ಲಾರೂ "ಭಾಳ ದೊಡ್ಡ ಮನಷ್ಯಾರು" ಅಂದು ಕೂತುಬಿಡ್ತಾರ.

ಅಣ್ಣಿಗೇರಿ ಹುಡುಗ

ಸರ್, ಭೂತಗನ್ನಡಿ ಹಿಡಿದು ನೋಡಿದೆ, ನೀವು ಹೇಳಿದ್ದ ಪದಕಾನ ಅದಾವ. ಅಂಚಿನ ಮ್ಯಾಲೆ ಅಪ್ಪನ ಹೆಸರಿನ ಸ್ಪೆಲಿಂಗ್ ಹಿಂದಿ ಮಂದಿ ಕರೆಯೋಹಂಗ ಐತಿ. ಸ್ಮಾರಕದ ಜಾಲತಾಣದಾಗ ಆ ಗೆಳೆಯನ ಹೆಸರೂ ಸಿಕ್ತು. ನಂಬರ್ ಪೆನ್ಸಿಲ್ಲಿಂದಕ್ಕ ಸರಿ ಹೊಂದತೈತಿ. ಅವ್ವಗ ಮೊಬೈಲ್‌ನಾಗ ತೋರಿಸಿದೆ. ಓದಾಕ ಬರಂಗಿಲ್ಲ ಆಕಿಗೆ, "ಇದ ಏನ್ ಅವನ ಹೆಸರು" ಅಂತ ಕೇಳಿ ಕೈ ಮುಗದ್ಲು. ಬರಿ ಅಂದಾಳ. ದೊಡ್ಡಪ್ಪನ ಜೋಡಿ ತಾನ ಮಾತಾಡ್ತೀನಿ ಅಂದಾಳ.

ಉಣಕಲ್ಲಿನವರ, ನಿಮ್ಮ ಕಾಳಜಿ ತಿಳೀತ್ರಿ, ಸಿಟ್ಟಿಲ್ಲ. ಚರ್ಚಿನ ಮಾತು ಅರ್ಧ ಪುಟದಾಗ ಬರೀತೀನಿ, ಅಪ್ಪ ಅದನ್ನ ದೊಡ್ಡದು ಮಾಡಿದಾಂವ ಅಲ್ಲ.

ಅಕ್ಕಾರ, ಮೂವತ್ತೆರಡು ಪುಟಕ್ಕ ಐನೂರು ಪ್ರತಿ ಅಂದ್ರ ಪ್ರೆಸ್ಸಿನವರು ಎಷ್ಟು ದಿನ ತಗೋತಾರ? ಪೆನ್ಸಿಲ್ ಅಕ್ಷರ ಭಾಳ ತೆಳು ಅದಾವ, ಸ್ಕ್ಯಾನ್ ಮಾಡಿದ್ರ ಬರ್ತಾವೋ, ಫೋಟೋನ ತಗೀಬೇಕೋ, ಅದನ್ನೊಂದು ಹೇಳ್ರಿ.