‘ಹುಸಿ ಉಬ್ಬು’, ‘ರಕ್ತನಾಳ ತಡೆ’: ಎರಡು ವೈದ್ಯಕೀಯ ಪದಗಳ ಅರ್ಥದ ಬಗ್ಗೆ

ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತದಿಂದ ರಕ್ತನಾಳಗಳಿಗೆ ಆಗುವ ತೊಂದರೆ ಮತ್ತು ಅದರ ಚಿಕಿತ್ಸೆಯನ್ನು ವಿವರಿಸುವ ತಿಳಿವಳಿಕೆ ಪತ್ರವೊಂದನ್ನು ಮೈಸೂರಿನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದನ್ನು ಓದಬೇಕಾದವರಲ್ಲಿ ಹೆಚ್ಚಿನವರು ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ರೈತ ಕುಟುಂಬದವರು.

ಅದರಲ್ಲಿ ಕನ್ನಡ ಮಾತು ಹುಡುಕಬೇಕಾಗಿರುವ ಎರಡು ಪದಗಳಲ್ಲಿ ಮೊದಲನೆಯದು ಸ್ಯೂಡೋಅನ್ಯೂರಿಸಂ. ಗ್ರಂಥಿಯಿಂದ ಸೋರಿದ ಜೀರ್ಣರಸವು ಪಕ್ಕದ ಅಪಧಮನಿಯ ಗೋಡೆಯನ್ನು ತಿಂದುಹಾಕಿದಾಗ ಹೊರಬಂದ ರಕ್ತವು ಸುತ್ತಲಿನ ಅಂಗಾಂಶದ ನಡುವೆಯೇ ಚೀಲದಂತೆ ತುಂಬಿಕೊಳ್ಳುತ್ತದೆ. ಗುಲ್ಮಕ್ಕೆ (ಸ್ಪ್ಲೀನ್) ಹೋಗುವ ಅಪಧಮನಿಯು ಗ್ರಂಥಿಯ ಮೇಲಂಚಿನಲ್ಲೇ ಸಾಗುವುದರಿಂದ ಹೆಚ್ಚಾಗಿ ಹಾನಿಯಾಗುವುದು ಅದಕ್ಕೇ. ಇದನ್ನು ‘ಹುಸಿ ಉಬ್ಬು’ ಎಂದರೆ ಪದಕ್ಕೆ ಪದ ಸರಿಹೋಗುತ್ತದೆ. ಆದರೆ ಹುಸಿನಗೆ, ಹುಸಿಕೋಪ, ಹುಸಿ ಬಾಂಬ್ ಕರೆ ಎನ್ನುವಾಗಲೆಲ್ಲ ‘ಹುಸಿ’ ಎಂದರೆ ಹೆದರಬೇಕಾಗಿಲ್ಲದ್ದು ಎಂಬ ಅರ್ಥವೇ ನಮ್ಮ ಕಿವಿಗೆ ಮೊದಲು ತಟ್ಟುತ್ತದೆ. ಇಲ್ಲಿ ಸಂಗತಿ ತದ್ವಿರುದ್ಧ: ಈ ಉಬ್ಬಿಗೆ ಅಪಧಮನಿಯ ಮೂರು ಪದರಗಳ ಆಸರೆ ಇಲ್ಲದ ಕಾರಣ ಅದು ಒಡೆದು ಪ್ರಾಣಾಪಾಯ ತರಬಲ್ಲದು. ‘ರಕ್ತದ ಗಂಟು’ ಎಂದರೆ ಹೆಪ್ಪುಗಟ್ಟಿದ ರಕ್ತವೆಂದು ತಿಳಿಯುತ್ತಾರೆ. ‘ಒಡಕಿನ ಉಬ್ಬು’ ಎನ್ನುವುದು ನನಗೆ ಸದ್ಯ ಒಪ್ಪಿಗೆಯಾಗಿರುವ ಮಾತು.

ಎರಡನೆಯದು ಎಂಬೊಲೈಸೇಷನ್. ಸಾಮಾನ್ಯವಾಗಿ ತೊಡೆಸಂದಿನ ಅಪಧಮನಿಯಿಂದ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಯನ್ನು ತೂರಿಸಿ, ಎಕ್ಸ್‌ರೇ ತೆರೆಯ ಮೇಲೆ ದಾರಿ ನೋಡಿಕೊಳ್ಳುತ್ತ ಒಡಕಿನ ತನಕ ಸಾಗಿಸಿ, ಪ್ಲಾಟಿನಂ ಸುರುಳಿಗಳಿಂದಲೋ ವೈದ್ಯಕೀಯ ಅಂಟಿನಿಂದಲೋ ನಾಳವನ್ನು ಮುಚ್ಚುತ್ತಾರೆ. ಕರಡಿನಲ್ಲಿ ನಾನು ‘ರಕ್ತನಾಳ ತಡೆ’ ಎಂದು ಬರೆದಿದ್ದೆ. ಅದನ್ನು ಓದಿದ ಮಂಡ್ಯದ ಹಿರಿಯರೊಬ್ಬರು, “ಬ್ಲಾಕ್ ಆಗೋದೇ ಕಾಯಿಲೆ ಅಲ್ವೇ, ಡಾಕ್ಟ್ರೇ ಬ್ಲಾಕ್ ಮಾಡ್ತಾರಾ?” ಎಂದು ಗಾಬರಿಯಿಂದ ಕೇಳಿದರು. ಹೃದಯಾಘಾತದ ಮಾತಿನಿಂದಾಗಿ ‘ತಡೆ’, ‘ಅಡಚಣೆ’ ಎಂಬ ಪದಗಳು ಈಗಾಗಲೇ ರೋಗದ ಹೆಸರಾಗಿಬಿಟ್ಟಿವೆ.

ನಾಲೆಯ ಏರಿ ಒಡೆದಾಗ ತೂಬು ಇಳಿಸಿದಂತೆ ಎಂದು ವಿವರಿಸಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಆದರೂ ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ತೂಬು ಮೇಲಿನಿಂದ ಬರುವ ನೀರನ್ನಷ್ಟೇ ನಿಲ್ಲಿಸುತ್ತದೆ, ಗುಲ್ಮದ ಅಪಧಮನಿಯಲ್ಲಾದರೋ ಹೊಟ್ಟೆಯ ಸಣ್ಣ ನಾಳಗಳ ಮೂಲಕ ರಕ್ತವು ಹಿಂದಿನಿಂದಲೂ ಬಂದು ಒಡಕನ್ನು ಸೇರುತ್ತದೆ. ಆದ್ದರಿಂದಲೇ ವೈದ್ಯರು ಒಡಕಿನ ಆಚೆಗೆ ಮೊದಲು, ಈಚೆಗೆ ಆಮೇಲೆ ಸುರುಳಿ ಇಡುತ್ತಾರೆ. ಅದೇ ಬಳಸುದಾರಿಯ ರಕ್ತದಿಂದ ಗುಲ್ಮವು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಎರಡೂ ಕಡೆ ಮುಚ್ಚುವುದಕ್ಕೆ ಸಹಜವಾಗಿ ಹೊಂದುವ ಮಾತೆಂದರೆ ‘ಬಿರಡೆ’ ಎಂದು ನನಗೆ ತೋರುತ್ತದೆ. ‘ನಾಳಕ್ಕೆ ಬಿರಡೆ ಹಾಕುವುದು’ ಎಂದರೆ ಮಳವಳ್ಳಿ, ನಾಗಮಂಗಲ ಕಡೆಯ ಇಂದಿನ ಓದುಗರಿಗೆ ಅರ್ಥವಾದೀತೇ, ಅಥವಾ ಇದಕ್ಕೆ ಅಲ್ಲಿ ಬೇರೆ ಮಾತಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.