ಗಾಳಿ ಯಂತ್ರ ನೋಡಿಕೊಳ್ಳುವ ಸೆರೆಯಾಳು ನಂಬುವಂಥ ಸುಳ್ಳು ಹೇಳೋದು ಹೇಗೆ?

ಕಕ್ಷೆಗಾರ್ತಿ (ಪ್ರಶ್ನೆ):

ವೈಜ್ಞಾನಿಕ ಸಾಹಸ ಕಾದಂಬರಿಯೊಂದು ನಡುವಲ್ಲಿ ಬಂದು ನಿಂತುಬಿಟ್ಟಿದೆ. ಸನ್ನಿವೇಶ ಹೀಗಿದೆ. ಮಂಗಳ ಗ್ರಹದಿಂದ ಹೊರಟ ಸರಕು ನೌಕೆ, ಜನ ಓಡಾಡುವ ಜಾಗ ಸುಮಾರು 300 ಘನ ಮೀಟರ್. ಆರು ಜನ ಅಪಹರಣಕಾರರು, ಐದು ಜನ ಸಿಬ್ಬಂದಿ. ಐವರಲ್ಲಿ ಒಬ್ಬ ಮಹೇಶ ತಪ್ಪಿಸಿಕೊಂಡು ಸರಕಿನ ಕೋಣೆಯಲ್ಲಿ ಅಡಗಿದ್ದಾನೆ, ಅವನು ಸತ್ತ ಅಂತ ಅಪಹರಣಕಾರರ ನಂಬಿಕೆ. ಎಂಜಿನಿಯರ್ ಸುಮತಿ ಒತ್ತೆಯಾಳು, ಗಾಳಿ ಶುದ್ಧ ಮಾಡುವ ಯಂತ್ರವನ್ನು ಅವಳ ಕೈಯಲ್ಲೇ ನಡೆಸುತ್ತಾರೆ, ಭೂಮಿಗೆ "ಎಲ್ಲ ಸರಿಯಿದೆ" ಅಂತ ಅವಳಿಂದಲೇ ಹೇಳಿಸುತ್ತಾರೆ.

ನನಗೆ ಬೇಕಾಗಿರೋದು ಮೂರು. ಮೂರು ದಿನ ಸಿಕ್ಕಿಬೀಳದ ಹಾಗೆ ಅವಳು ಯಂತ್ರದ ಬಗ್ಗೆ ಏನು ಸುಳ್ಳು ಹೇಳಬಹುದು? ಭೂಮಿಗೆ ಗುಟ್ಟಾಗಿ ಸುಳಿವು ಕೊಡೋದು ಹೇಗೆ? ಕೊನೆಗೆ ಅವಳೇ ಮಹೇಶನ ಜಾಗ ಬಿಟ್ಟುಕೊಡಬೇಕು, ಆದರೆ ಓದುಗರು ಅವಳನ್ನು ಉಗಿಯಬಾರದು. ಸದ್ಯಕ್ಕೆ ಅವಳು "ಪಂಪು ಕೆಟ್ಟಿದೆ" ಅನ್ನುತ್ತಾಳೆ, ಅವರು ನಂಬುತ್ತಾರೆ. ನನಗೇ ನಗು ಬರುತ್ತೆ.

ಜಿಯೋಲೈಟ್:

ಪಂಪು ಕೆಟ್ಟಿದೆ ಅಂದರೆ ಹೋಗಿ ಕೈಯಿಟ್ಟು ನೋಡ್ತಾರೆ, ಅಲ್ಲಿಗೆ ಮುಗೀತು. ಸುಳ್ಳು ನಿಲ್ಲಬೇಕಾದರೆ ಕೆಟ್ಟಿರೋದು ನಿಜ ಇರಬೇಕು, ಎಷ್ಟು ಕೆಟ್ಟಿದೆ ಅನ್ನೋದು ಮಾತ್ರ ಸುಳ್ಳಿರಬೇಕು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇಂಗಾಲದ ಡೈಆಕ್ಸೈಡ್ ತೆಗೆಯೋ ಯಂತ್ರವನ್ನೇ ಮಾದರಿಯಾಗಿ ತಗೊಳ್ಳಿ. ಒಳಗೆ ಜಿಯೋಲೈಟ್ (ಅನಿಲ ಹೀರಿಕೊಳ್ಳೋ ಖನಿಜ) ಗುಳಿಗೆಗಳು ತುಂಬಿದ ಎರಡು ಪೆಟ್ಟಿಗೆ. ಒಂದು ಅನಿಲ ಹೀರುವಾಗ ಇನ್ನೊಂದನ್ನು ಕಾಯಿಸಿ, ಹೀರಿದ್ದನ್ನು ಹೊರಗೆ ಬಿಡಿಸ್ತಾರೆ. ಆಮೇಲೆ ಅದಲುಬದಲು. ಗುಳಿಗೆಗೆ ತೇವ ಆಗದು, ಅದಕ್ಕೆ ಮುಂದೆ ಸಿಲಿಕಾ ಜೆಲ್‌ನ ಒಣಗಿಸೋ ಪೆಟ್ಟಿಗೆಗಳಿರ್ತವೆ. ಬಿಸಿಯಾಗಿ, ತಣ್ಣಗಾಗಿ, ಗುಳಿಗೆಗಳು ಒಂದಕ್ಕೊಂದು ತಿಕ್ಕಿ ಪುಡಿಯಾಗ್ತವೆ. ಆ ಬಿಳಿ ಧೂಳು ಕವಾಟಗಳಲ್ಲಿ ಕೂತು ಅವು ಪೂರ್ತಿ ಮುಚ್ಚದ ಹಾಗೆ ಮಾಡುತ್ತೆ. ನಿಲ್ದಾಣದಲ್ಲೂ ಇದು ಸಾಕಷ್ಟು ಕಾಟ ಕೊಟ್ಟ ತೊಂದರೆ. ಸುಮತಿ ಕವಾಟ ಬಿಚ್ಚಿ, ಬಟ್ಟೆಗೆ ಹತ್ತಿದ ಬಿಳಿ ಪುಡಿ ತೋರಿಸಲಿ. ಧೂಳು ನಿಜವೇ. ನಾಲ್ಕು ತಾಸಿನ ಕೆಲಸಕ್ಕೆ ಮೂರು ದಿನ ಬೇಕು ಅನ್ನೋದಷ್ಟೇ ಸುಳ್ಳು.

ಲೆಕ್ಕ: ಒಬ್ಬ ಮನುಷ್ಯ ದಿನಕ್ಕೆ ಬಿಡೋ ಇಂಗಾಲದ ಡೈಆಕ್ಸೈಡ್ ಸುಮಾರು 1 ಕೆಜಿ, ಅಂದರೆ ಅರ್ಧ ಘನ ಮೀಟರ್‌ಗೆ ಸ್ವಲ್ಪ ಮೇಲೆ. 11 ಜನಕ್ಕೆ 6 ಘನ ಮೀಟರ್. ನಿಮ್ಮ 300 ಘನ ಮೀಟರ್ ಜಾಗದಲ್ಲಿ ಯಂತ್ರ ಪೂರ್ತಿ ನಿಂತರೆ ದಿನಕ್ಕೆ ಶೇ. 2ರಷ್ಟು ಏರುತ್ತೆ. ಶೇ. 0.3ರಿಂದ ಶುರುವಾದರೆ ಎಂಟೊಂಬತ್ತು ತಾಸಿಗೆ ಶೇ. 1, ಒಂದೂಕಾಲು ದಿನ ದಾಟಿದರೆ ಶೇ. 3. ಅಷ್ಟರಲ್ಲಿ ಎಲ್ಲರಿಗೂ ತಲೆನೋವು, ಏದುಸಿರು. ಶೇ. 5 ದಾಟಿದರೆ ಬುದ್ಧಿ ಮಂಕು. ಹಾಗಾಗಿ ಯಂತ್ರ ನಿಲ್ಲಿಸಬೇಡಿ, ಗಾಳಿ ಹರಿಯೋದನ್ನು ಅರ್ಧಕ್ಕಿಳಿಸಿ. ಒಂದು ದಿನದೊಳಗೆ ಮಟ್ಟ ಎರಡರಷ್ಟಾಗಿ ಶೇ. 0.6ರ ಹತ್ತಿರ ನಿಲ್ಲುತ್ತೆ. ತಲೆ ಭಾರ, ಸಿಡುಕು, ನಿದ್ದೆಗೇಡು. ಯಾರೂ ಸಾಯಲ್ಲ, ಆದರೆ ಯಂತ್ರ ಕೆಟ್ಟಿದೆ ಅಂತ ಎಲ್ಲರ ಮೈಗೂ ಗೊತ್ತಾಗುತ್ತೆ.

ಆಮ್ಲಜನಕದ ಯಂತ್ರದ ಕಡೆ ಹೋಗಬೇಡಿ. ಅದು ನಿಂತರೂ ಶೇ. 21 ಇದ್ದದ್ದು 16ಕ್ಕಿಳಿಯೋಕೆ ಎರಡು ದಿನದ ಮೇಲಾಗುತ್ತೆ, ಅಲ್ಲಿವರೆಗೆ ಯಾರಿಗೂ ಏನೂ ಅನಿಸಲ್ಲ. ಮೈಗೆ ಏನೂ ಆಗದೆ ಇದ್ದರೆ ಅಪಹರಣಕಾರ ಯಾಕೆ ನಂಬ್ತಾನೆ?

ಎಡವೋ ಜಾಗ ಎರಡು. ಗೋಡೆಯ ಮಾಪಕದ ಅಂಕಿಯನ್ನಷ್ಟೇ ತಿದ್ದಿದರೆ, ಯಾರದೋ ಜೇಬಲ್ಲಿರೋ ಕೈಮಾಪಕ ಬೇರೆ ಅಂಕಿ ತೋರಿಸುತ್ತೆ. ಅದಕ್ಕೇ ಗಾಳಿಯನ್ನೇ ನಿಜವಾಗಿ ಕೆಡಿಸಬೇಕು. ಎರಡನೇದು, ಅವರಲ್ಲಿ ಅರ್ಧಂಬರ್ಧ ಗೊತ್ತಿರೋನು ಒಬ್ಬ ಇರ್ತಾನೆ. ಪೂರ್ತಿ ಗೊತ್ತಿರೋನಿಗಿಂತ ಅವನೇ ಅಪಾಯ, ಕಾರಣ ಅವನು ಒಂದೇ ಪ್ರಶ್ನೆಯನ್ನು ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ ಕೇಳ್ತಾನೆ. ಸುಮತಿ ಕೊಡೋ ಅವಧಿಯಲ್ಲಿ ಪ್ರತಿ ಹಂತಕ್ಕೂ ತಾಸಿನ ಲೆಕ್ಕ ಇರಲಿ: ತಣಿಯೋಕೆ ಇಷ್ಟು, ಬಿಚ್ಚೋಕೆ ಇಷ್ಟು, ಸೋರಿಕೆ ಪರೀಕ್ಷೆಗೆ ಇಷ್ಟು. ಇಲ್ಲದಿದ್ದರೆ ಮೂರನೇ ಸಲಕ್ಕೆ ತಡವರಿಸ್ತಾಳೆ.

ಕಡಲತಡಿ:

ಎರಡನೇ ಪ್ರಶ್ನೆಗೆ. ಮಂಗಳದಿಂದ ಭೂಮಿಗೆ ರೇಡಿಯೊ ಮುಟ್ಟಲು 3ರಿಂದ 22 ನಿಮಿಷ ಬೇಕು. ಮಾತುಕತೆ ಅಂತ ಇಲ್ಲ, ಇರುವುದು ಧ್ವನಿಮುದ್ರಣ ಮಾತ್ರ. ಕಳಿಸುವ ಮೊದಲು ಅಪಹರಣಕಾರರು ಹತ್ತು ಸಲ ಕೇಳಿ, ತಂತ್ರಾಂಶದಲ್ಲಿ ಅನುವಾದ ಮಾಡಿ ನೋಡಬಹುದು. ಅಲ್ಲೇ ಉಂಟು ನಿಮಗೆ ಅವಕಾಶ ಮಾರಾಯ್ರೇ. ಕನ್ನಡದ ನೀನು, ನೀವು ಎರಡೂ ಇಂಗ್ಲಿಷಿಗೆ ಹೋದರೆ ಒಂದೇ. ನಿಯಂತ್ರಣ ಕೇಂದ್ರದ ಗೆಳೆಯನಿಗೆ ವರ್ಷಗಟ್ಟಲೆ "ರಘು, ನೀನು ಕಳಿಸಿದ ಪಟ್ಟಿ ನೋಡಿದೆ ಕಣೋ" ಎನ್ನುತ್ತಿದ್ದವಳು ಒಂದು ದಿನ "ರಘು ಅವರೇ, ತಾವು ಕಳಿಸಿದ ಪಟ್ಟಿ ನೋಡಿದೆ" ಅಂದರೆ ಅವನಿಗೆ ಚುರುಕ್ ಅನ್ನುತ್ತದೆ, ಅನುವಾದ ಓದುವವನಿಗೆ ಏನೂ ಕಾಣುವುದಿಲ್ಲ. ಆದರೆ ರಘು ಮೊದಲು "ಇವಳಿಗೇನೋ ಕೋಪ" ಅಂತಲೇ ಅಂದುಕೊಳ್ಳುವುದು. ಹಾಗಾಗಿ ಮರುದಿನ ಬೇರೆ ಜಾತಿಯ ಇನ್ನೊಂದು ಸುಳಿವು ಬೇಕು. ಹೊಸದಾಗಿ ಏನೋ ಸೇರಿಸುವುದಕ್ಕಿಂತ ದಿನಾ ಇರುವುದನ್ನು ಬಿಡುವುದು ಕ್ಷೇಮ. ಇಲ್ಲದ್ದನ್ನು ಕಾವಲಿನವ ಹೇಗೆ ಕೇಳಿಸಿಕೊಳ್ಳುತ್ತಾನೆ?

ನಿಜದಲ್ಲಿ ನಡೆದದ್ದು ಎರಡು ಹೇಳುತ್ತೇನೆ. 1966ರಲ್ಲಿ ಉತ್ತರ ವಿಯೆಟ್ನಾಮಿನ ಸೆರೆಯಲ್ಲಿದ್ದ ಅಮೆರಿಕದ ಪೈಲಟ್ ಜೆರೆಮಯ ಡೆಂಟನ್‌ರನ್ನು ಟಿವಿ ಕ್ಯಾಮೆರಾ ಮುಂದೆ ಕೂರಿಸಿದಾಗ, ಬಾಯಲ್ಲಿ ಉತ್ತರ ಹೇಳುತ್ತಾ ರೆಪ್ಪೆ ಬಡಿದು ಮೋರ್ಸ್ ಸಂಕೇತದಲ್ಲಿ "ಟಾರ್ಚರ್" ಎಂದು ತಿಳಿಸಿದರು. ಅದು ದಕ್ಕಿತು. 1968ರ ಜನವರಿಯಲ್ಲಿ ಉತ್ತರ ಕೊರಿಯಾ ಹಿಡಿದ ಅಮೆರಿಕದ ಪ್ಯೂಬ್ಲೊ ಹಡಗಿನ ನಾವಿಕರು ಪ್ರಚಾರದ ಫೋಟೊಗಳಲ್ಲಿ ನಡುಬೆರಳು ಎತ್ತಿ ತೋರಿಸಿ, ಕೇಳಿದರೆ "ಹವಾಯಿಯ ಶುಭ ಸಂಕೇತ" ಅಂದರು. ತಿಂಗಳುಗಟ್ಟಲೆ ನಡೆಯಿತು. ಅಕ್ಟೋಬರಿನಲ್ಲಿ ಅಮೆರಿಕದ ಪತ್ರಿಕೆಯೊಂದು ಅದರ ನಿಜವಾದ ಅರ್ಥ ಅಚ್ಚು ಹಾಕಿತು. ಬಿಡುಗಡೆಗೆ ಮೊದಲು ಡಿಸೆಂಬರಿನಲ್ಲಿ ಅವರಿಗೆ ಒಂದು ವಾರ ಬಿದ್ದ ಪೆಟ್ಟು ಅಷ್ಟಿಷ್ಟಲ್ಲ.

ಸುಳ್ಳನ್ನು ಹೊರಗೆ ಹಾಕಿದ್ದು ಕಾವಲುಗಾರನಲ್ಲ, ಅವರದೇ ದೇಶದವರು. ನಿಮ್ಮ ಕಥೆಯಲ್ಲೂ ರಘು ಸುಳಿವು ಹಿಡಿದ ಮೇಲೆ ಅದು ಯಾವುದಾದರೂ ಚಾನೆಲ್ಲಿನ ಕೈಗೆ ಸಿಕ್ಕಿದರೆ ಸಾಕು, "ಸುಮತಿಯ ರಹಸ್ಯ ಸಂದೇಶ" ಅಂತ ಕೆಂಪು ಪಟ್ಟಿ ಓಡಿ, ಇಪ್ಪತ್ತು ನಿಮಿಷಕ್ಕೆ ನೌಕೆಗೇ ಬಂದು ಮುಟ್ಟುತ್ತದೆ.

ತಟ್ಟುಭಾಷೆ:

ಸೆರೆಯಾಳುಗಳು ತಮ್ಮತಮ್ಮಲ್ಲಿ ಮಾತಾಡೋದನ್ನೂ ಸೇರಿಸಿ, ಕಥೆಗೆ ಅದು ಬೇಕು. ವಿಯೆಟ್ನಾಮ್ ಸೆರೆಮನೆಗಳಲ್ಲಿ ಅಮೆರಿಕದ ಪೈಲಟ್‌ಗಳು 1965ರಿಂದ ಗೋಡೆ ತಟ್ಟಿ ಮಾತಾಡ್ತಿದ್ದರು. 5×5 ಚೌಕ, ಮೊದಲು ಸಾಲಿನ ಸಂಖ್ಯೆ, ಆಮೇಲೆ ಕಂಬದ ಸಂಖ್ಯೆ. ಇಂಗ್ಲಿಷಿನ 26 ಅಕ್ಷರ ಹಿಡಿಸಲ್ಲ ಅಂತ ಕೆ ಅಕ್ಷರ ತೆಗೆದು ಸಿ ಇಟ್ಟುಕೊಂಡರು.

ಕನ್ನಡದಲ್ಲಿ ವರ್ಗೀಯ ವ್ಯಂಜನ 25 ಇವೆ, ಸಲೀಸು ಅನ್ನಿಸುತ್ತೆ. ಹಾಗೆ ಮಾಡಬೇಡಿ. ಮಹಾಪ್ರಾಣಕ್ಕೆ ಹತ್ತು ಮನೆ ದಂಡ, ಯ ರ ಲ ವ ಹೊರಗುಳಿಯುತ್ತವೆ, ಸ್ವರಕ್ಕೆ ಜಾಗವೇ ಇಲ್ಲ. ಹೀಗೆ ಕೂರಿಸಿ:

ಸಾಲು 1: ಕ ಗ ಚ ಜ ಟ
ಸಾಲು 2: ಡ ಣ ತ ದ ನ
ಸಾಲು 3: ಪ ಬ ಮ ಯ ರ
ಸಾಲು 4: ಲ ವ ಸ ಹ ಳ
ಸಾಲು 5: ಅ ಇ ಉ ಎ ಒ

ಮಹಾಪ್ರಾಣಕ್ಕೆ ಅಲ್ಪಪ್ರಾಣ, ಶ ಮತ್ತು ಷ ಎರಡಕ್ಕೂ ಸ, ದೀರ್ಘಕ್ಕೆ ಹ್ರಸ್ವ. "ಕೀಲಿ" ಅನ್ನೋಕೆ ಕ-ಇ-ಲ-ಇ, ಅಂದರೆ 1-1, 5-2, 4-1, 5-2. ಒಟ್ಟು 21 ತಟ್ಟು. "ಕೊಲೆ" ಅಂದರೆ ಕ-ಒ-ಲ-ಎ, 26 ತಟ್ಟು. ಹೆಜ್ಜೆ ಸಪ್ಪಳ ಹತ್ತಿರ ಬಂದಾಗ ಯಾರಿಗೂ ಅಷ್ಟು ಪುರುಸೊತ್ತಿರಲ್ಲ, ಸ್ವರ ನುಂಗ್ತಾರೆ. ಕ-ಲ ಅಷ್ಟೇ ತಟ್ಟಿದರೆ ಏಳೇ ತಟ್ಟು. ಗೋಡೆಯ ಆಚೆ ಕೂತವನಿಗೆ ಅದು ಕೀಲಿ, ಕೊಲೆ, ಕಾಲ, ಕಲ್ಲು ಏನಾದರೂ ಆಗಬಹುದು. ಒಳಗಿನವರೇ ಒಬ್ಬರನ್ನೊಬ್ಬರು ತಪ್ಪು ತಿಳಿಯೋ ಅಧ್ಯಾಯಕ್ಕೆ ಇಷ್ಟು ಸಾಕು.

ನೌಕೆಯ ತೆಳು ಗೋಡೆಯಲ್ಲಿ ತಟ್ಟಿದ ಸದ್ದು ಎರಡೂ ಕಡೆ ಹರಿಯುತ್ತೆ, ಕಾವಲಿನವನಿಗೂ ಕೇಳುತ್ತೆ. ಫ್ಯಾನು ಓಡುವಾಗ ಮಾತ್ರ ತಟ್ಟಲಿ. ಜಿಯೋಲೈಟ್ ಹೇಳಿದ ಹಾಗೆ ಗಾಳಿ ಅರ್ಧಕ್ಕಿಳಿಸಿದರೆ ಆ ಗದ್ದಲವೂ ಇಳಿಯುತ್ತೆ, ಅದನ್ನು ಮರೀಬೇಡಿ.

ನಡುದಾರಿ:

ಮೂರನೇದಕ್ಕೆ ಬರೋಣ. ಹೊಡೆತ ತಾಳಲಾರದೆ ಬಾಯಿಬಿಟ್ಟಳು ಅನ್ನೋದು ಸುಲಭದ ದಾರಿ, ಅದಕ್ಕೇ ಸಪ್ಪೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಗೆ ವಿಚಾರಣೆ ಮಾಡ್ತಿದ್ದ ಹಾನ್ಸ್ ಶಾರ್ಫ್ ಅನ್ನುವಾತ ಕೈ ಎತ್ತುತ್ತಿರಲಿಲ್ಲ. ಸೆರೆಸಿಕ್ಕ ಪೈಲಟ್ ಜತೆ ಕಾಡಲ್ಲಿ ಅಡ್ಡಾಡ್ತಾ, ತನಗೆ ಎಲ್ಲ ಗೊತ್ತಿರೋ ಹಾಗೆ ಮಾತಾಡ್ತಿದ್ದ. ನಿಮ್ಮ ಗುಂಡುಗಳು ಹೊಗೆಯ ಬಣ್ಣ ಬದಲಿಸೋದು ರಾಸಾಯನಿಕದ ಕೊರತೆಯಿಂದ ಅಂತ ಅವನು ಅಂದಾಗ, ಪೈಲಟ್ ಒಬ್ಬ "ಅಲ್ಲ, ಗುಂಡು ಮುಗೀತಾ ಬಂತು ಅಂತ ತಿಳಿಸೋಕೆ" ಅಂತ ತಿದ್ದಿದ. ತಾನು ಗುಟ್ಟು ಹೇಳಿದೆ ಅಂತ ಅವನಿಗೆ ಅನ್ನಿಸಲೇ ಇಲ್ಲ.

ಸುಮತಿಗೆ ಇದೇ ಬಲೆ ಹಾಕಿ. ಮುಖಂಡ ಊಟದ ಹೊತ್ತಲ್ಲಿ "ಮೂರನೇ ಸರಕಿನ ಕೋಣೆಯಲ್ಲಿ ಯಾರೋ ಓಡಾಡಿದ ಹಾಗಿತ್ತು" ಅನ್ನಲಿ. ಅವಳು ತಕ್ಷಣ "ಅಲ್ಲಿ ಫ್ಯಾನೇ ಇಲ್ಲ, ಯಾರೂ ಬದುಕಲ್ಲ" ಅಂತಾಳೆ. ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇಳಲ್ಲ, ಫ್ಯಾನಿಲ್ಲದ ಜಾಗದಲ್ಲಿ ಬಿಟ್ಟ ಉಸಿರು ಮುಖದ ಸುತ್ತಲೇ ಗಡ್ಡೆಕಟ್ಟುತ್ತೆ. ಅವಳು ಹೇಳಿದ್ದು ಅಪ್ಪಟ ನಿಜ. ಮಹೇಶನನ್ನು ಕಾಪಾಡೋಕೇ ಹೇಳಿದ್ದು. ಮುಖಂಡ ಫ್ಯಾನಿರೋ ಕೋಣೆಗಳನ್ನಷ್ಟೇ ಹುಡುಕಿಸ್ತಾನೆ. ಇನ್ನು ಓದುಗರು ಯಾರನ್ನು ಉಗೀತಾರೆ?

ಇನ್ನೊಂದು, ಅವಳು ಒಪ್ಪಿಕೊಳ್ಳೋದು ಸಣ್ಣದರಿಂದ ಶುರುವಾಗಲಿ. ಕೊರಿಯಾ ಯುದ್ಧದಲ್ಲಿ ಚೀನೀ ಶಿಬಿರಗಳಲ್ಲಿ ಮೊದಲು ಕೇಳ್ತಿದ್ದದ್ದು "ನಿಮ್ಮ ದೇಶದಲ್ಲೂ ತಪ್ಪುಗಳಿವೆ ಅಲ್ಲವಾ" ಅನ್ನೋದಷ್ಟೇ. ಆಮೇಲೆ ಆ ತಪ್ಪುಗಳ ಪಟ್ಟಿ, ಅದಕ್ಕೊಂದು ಸಹಿ, ಕೊನೆಗೆ ರೇಡಿಯೊದಲ್ಲಿ ಓದೋದು. ಆ ಯುದ್ಧದ ನಂತರ, 1955ರಲ್ಲಿ ಬಂದ ಅಮೆರಿಕದ ಸೈನಿಕ ಸಂಹಿತೆ ಶತ್ರುವಿನಿಂದ ವಿಶೇಷ ಸೌಕರ್ಯ ಪಡೆಯೋದನ್ನೂ, ಓಡಿಹೋಗಲ್ಲ ಅಂತ ಮಾತು ಕೊಟ್ಟು ಸಡಿಲಿಕೆ ಪಡೆಯೋದನ್ನೂ ಬೇಡ ಅನ್ನುತ್ತೆ. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟು ಹೋಗಿ, ತಿರುಗಿ ಬಂದಳಲ್ಲ, ಅಂಥ ಮಾತು ಈ ಸಂಹಿತೆಯ ಪ್ರಕಾರ ಕೊಡೋದೇ ತಪ್ಪು. ನಮ್ಮ ಓದುಗರಿಗೆ ಈ ಎರಡು ನೀತಿಗಳ ತಿಕ್ಕಾಟ ಬಿಡಿಸಿ ಹೇಳಬೇಕಾಗಿಲ್ಲ. ಸುಮತಿ "ಯಂತ್ರ ಮುಟ್ಟಿ ಮೋಸ ಮಾಡಲ್ಲ" ಅಂತ ಮಾತು ಕೊಟ್ಟು ಕೈಕೋಳ ಬಿಚ್ಚಿಸಿಕೊಳ್ಳಲಿ, ಸಾಕು.

ಜಿಯೋಲೈಟ್:

@ನಡುದಾರಿ, ಫ್ಯಾನಿನ ಮಾತು ಚೆನ್ನಾಗಿದೆ, ಆದರೆ ಅಷ್ಟು ದೂರ ಹೋಗೋ ಅಗತ್ಯವೇ ಇರಲ್ಲ. ಮಹೇಶ ಉಸಿರಾಡ್ತಾನಲ್ಲ! ಅಪಹರಣಕಾರರ ಲೆಕ್ಕದಲ್ಲಿ ಹತ್ತು ಜನ, ಯಂತ್ರ ದಿನಾ ತೆಗೀತಿರೋದು 11 ಕೆಜಿ. ಆ ಅರ್ಧಂಬರ್ಧ ಗೊತ್ತಿರೋನು ದಾಖಲೆ ತಿರುವಿದರೆ ಮುಗೀತು.

ಸುಮತಿ ತಿದ್ದಬೇಕಾದ ಲೆಕ್ಕ ಒಂದಲ್ಲ, ಮೂರು. ಇಂಗಾಲದ ಡೈಆಕ್ಸೈಡ್ ತಲೆಗೆ 1 ಕೆಜಿ, ಆಮ್ಲಜನಕ 0.84 ಕೆಜಿ, ಉಸಿರು ಮತ್ತು ಬೆವರಿನಿಂದ ತಂಪುಕೊಳವೆ ಮೇಲೆ ಹನಿಗಟ್ಟೋ ನೀರು ಹತ್ತಿರಹತ್ತಿರ 2 ಲೀಟರ್. ಮೊದಲ ಎರಡರಲ್ಲಿ ಶೇ. 10 ಏರುಪೇರು ಸಹಜ, ವ್ಯಾಯಾಮ ಜಾಸ್ತಿ ಮಾಡಿದರು ಅನ್ನಬಹುದು. ಯಂತ್ರಕ್ಕೆ ಧೂಳು ಹಿಡಿದಿದ್ದರೆ ಇನ್ನೂ ಅನುಕೂಲ, ಅಂಕಿಗಳನ್ನು ಯಾರೂ ನಂಬಲ್ಲ.

ಅಂದರೆ ಕವಾಟ ಸ್ವಚ್ಛವಾದ ಕೂಡಲೇ ಹನ್ನೊಂದನೆಯವನು ಲೆಕ್ಕದಲ್ಲಿ ಎದ್ದು ಕಾಣ್ತಾನೆ. ಮಹೇಶ ಬದುಕಿರೋ ತನಕ ಅವಳು ರಿಪೇರಿ ಮಾಡೋ ಹಾಗಿಲ್ಲ. ಉಳಿದ ಮೂವರು ಸಿಬ್ಬಂದಿಯ ತಲೆನೋವಿಗೆ ಅವಳೇ ಕಾರಣ, ಅವರಿಗೆ ಹೇಳೋ ಹಾಗೂ ಇಲ್ಲ. ಅಪಹರಣಕಾರರು ಗಾಳಿ ಚೆನ್ನಾಗಿರೋ ಕೋಣೆಗೆ ತಾವು ಹೋಗಿ, ಸೆರೆಯಾಳುಗಳನ್ನು ಮೂಲೆಗೆ ತಳ್ತಾರೆ ಅನ್ನೋದನ್ನೂ ಸೇರಿಸಿ, ಅವರು ಹಾಗೇ ಮಾಡೋದು.

ನಡುದಾರಿ:

ಸೋತೆ, ಇದು ನನ್ನದಕ್ಕಿಂತ ಗಟ್ಟಿ. ಕೆಲಸ ಎಳೆಯೋದಕ್ಕೆ ನಿಜದ ಹೋಲಿಕೆಯೂ ಇದೆ. ಸಾಕ್ಸನ್‌ಹೌಸನ್ ನಾಜಿ ಶಿಬಿರದಲ್ಲಿ ಸುಮಾರು 140 ಸೆರೆಯಾಳುಗಳಿಂದ ಖೋಟಾ ನೋಟು ಮಾಡಿಸ್ತಿದ್ದರು. ಬ್ರಿಟಿಷ್ ಪೌಂಡ್ ನೋಟುಗಳನ್ನು ಅಚ್ಚುಕಟ್ಟಾಗಿಯೇ ಮಾಡಿಕೊಟ್ಟರು. ಡಾಲರ್ ಕೆಲಸ ಮಾತ್ರ ತಿಂಗಳುಗಟ್ಟಲೆ ಎಳೀತು, ಬೇಕಂತಲೇ ಎಳೆದೆವು ಅಂತ ಬದುಕುಳಿದವರು ಆಮೇಲೆ ಹೇಳಿದರು. ಕೆಲಸ ಮುಗಿದರೆ ತಮ್ಮನ್ನು ಕೊಲ್ತಾರೆ, ಆಗೋದೇ ಇಲ್ಲ ಅಂದರೂ ಕೊಲ್ತಾರೆ. "ಇನ್ನೇನು ಆಗಿಬಿಡ್ತು" ಅನ್ನೋ ಹಂತದಲ್ಲೇ ಇಡಬೇಕು. ಸುಮತಿಯೂ ದಿನಕ್ಕೊಂದು ಸಣ್ಣ ಸುಧಾರಣೆ ತೋರಿಸ್ತಿರಲಿ, ಶೇ. 0.60 ಇದ್ದದ್ದು 0.57.

ಕಕ್ಷೆಗಾರ್ತಿ:

ಎಲ್ಲರಿಗೂ ಥ್ಯಾಂಕ್ಸ್. ಪಂಪು ತೆಗೆದೆ, ಕವಾಟ ಇಟ್ಟೆ. ಒಂದೇ ಅನುಮಾನ. ನೀರಿನ ಲೆಕ್ಕ ಯಾಕೆ ಕಷ್ಟ? ಅದನ್ನೂ ತಿದ್ದಬಹುದಲ್ಲ?

ಜಿಯೋಲೈಟ್:

ಅಂಕಿ ತಿದ್ದಬಹುದು ಮೇಡಂ, ನೀರನ್ನು ಏನು ಮಾಡ್ತೀರಿ? ಮಹೇಶನ ಉಸಿರಿನ ತೇವವೂ ಅದೇ ಕೊಳವೆಗೆ ಬಂದು ಅದೇ ತೊಟ್ಟಿ ತುಂಬುತ್ತೆ. ದಿನಕ್ಕೆ 2 ಲೀಟರ್ ಅಂದರೆ ಮೂರು ದಿನಕ್ಕೆ ಆರು ಲೀಟರ್. ದಾಖಲೆಯಲ್ಲಿಲ್ಲದ ಆರು ಲೀಟರ್ ಶುದ್ಧ ನೀರು. ಮಹೇಶನಿಗೂ ಬಾಯಾರುತ್ತಲ್ಲ. ಅವನಿಗೆ ಯಾರು, ಯಾವ ಚೀಲದಲ್ಲಿ ಮುಟ್ಟಿಸ್ತಾರೆ ಅನ್ನೋದನ್ನು ಬರೆದುಬಿಡಿ. ಚೀಲಗಳಿಗೆ ನಂಬರ್ ಇರುತ್ತೆ, ಸಂಜೆ ಎಣಿಸ್ತಾರೆ.